ಐದು ದಿನದ ಪೆನ್ಸಿಲಿನ್: ಪೇದೆ ಆಲ್ಬರ್ಟ್ ಅಲೆಕ್ಸಾಂಡರ್ ಪ್ರಕರಣ

1941ರ ಫೆಬ್ರವರಿ 12. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿರುವ ರ‍್ಯಾಡ್‌ಕ್ಲಿಫ್ ಇನ್ಫರ್ಮರಿ ಆಸ್ಪತ್ರೆ. ಹಾಸಿಗೆಯಲ್ಲಿ 43 ವರ್ಷದ ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್. ನೆತ್ತಿ, ಮುಖ, ಎರಡೂ ಕಣ್ಣಿನ ಗುಳಿ, ತೋಳು, ಹೀಗೆ ವೈದ್ಯರು ಕುಯ್ದ ಕಡೆಯೆಲ್ಲ ಕೀವು ಸೋರುತ್ತಿತ್ತು. ಒಂಬತ್ತು ದಿನದ ಹಿಂದೆ ಎಡಗಣ್ಣು ತೆಗೆದಿದ್ದರು. ಕೆಮ್ಮಿದರೆ ಕಫದಲ್ಲೂ ಕೀವು. ಅವತ್ತು ಚಾರ್ಲ್ಸ್ ಫ್ಲೆಚರ್ ಎಂಬ ಯುವ ವೈದ್ಯರು ಅವರ ರಕ್ತನಾಳಕ್ಕೆ 200 ಮಿಲಿಗ್ರಾಂ ಪೆನ್ಸಿಲಿನ್ ಕೊಟ್ಟರು. ನಂಜೇರಿ ಸಾಯುತ್ತಿದ್ದ ಒಬ್ಬ ಮನುಷ್ಯನನ್ನು ಉಳಿಸಲು ಆಕ್ಸ್‌ಫರ್ಡ್ ತಂಡ ಈ ಔಷಧಿ ಬಳಸಿದ್ದು ಅದೇ ಮೊದಲು.

ಈ ಕಥೆ ತುಂಬಾ ಜನ ಕೇಳಿರುತ್ತಾರೆ. ಹೇಳುವ ರೀತಿಯೂ ಹೆಚ್ಚುಕಡಿಮೆ ಒಂದೇ. ಗುಲಾಬಿ ಮುಳ್ಳು ತರಚಿತು, ನಂಜಾಯಿತು, ಪೆನ್ಸಿಲಿನ್ ಕೊಟ್ಟರು, ಹುಷಾರಾಗುತ್ತಿದ್ದರು, ಅಷ್ಟರಲ್ಲಿ ಔಷಧಿ ಮುಗಿದು ತೀರಿಕೊಂಡರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅನ್ನುವ ಪರೀಕ್ಷೆ) ನೋಡುವವನು. ನನಗೆ ಈ ಪ್ರಕರಣ ಇಷ್ಟು ಸಣ್ಣದಾಗಿ ಕಾಣುವುದಿಲ್ಲ. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದವರಲ್ಲಿ ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂದು ಇವತ್ತು ನಾವು ಲೆಕ್ಕ ಹಾಕುವಾಗ ನೋಡುವ ಹಲವು ಅಂಶಗಳು ಈ ಒಬ್ಬರ ಕೇಸ್ ಶೀಟಿನಲ್ಲೇ ಇವೆ. ಔಷಧಿ ಮುಗಿದದ್ದು ಅವುಗಳಲ್ಲಿ ಒಂದು, ಅಷ್ಟೇ.

ಬಾಯಿಯ ಮೂಲೆಯಿಂದ ತೋಳಿನ ಮೂಳೆಗೆ

ಮುಳ್ಳಿನ ವಿಷಯ ಮೊದಲು ಮುಗಿಸಿಬಿಡೋಣ. ಅಲೆಕ್ಸಾಂಡರ್ ಅವರ ಮಗಳು ಎಷ್ಟೋ ವರ್ಷಗಳ ನಂತರ ಹೇಳಿದ್ದು ಬೇರೆ: ಯುದ್ಧಕಾಲದಲ್ಲಿ ಸೌತಾಂಪ್ಟನ್‌ನಲ್ಲಿ ಕೆಲಸದ ಮೇಲಿದ್ದಾಗ ಬಾಂಬ್ ದಾಳಿಯಲ್ಲಿ ಆದ ಗಾಯ ಅದು ಅಂತ. ವೈದ್ಯರು ಬರೆದಿಟ್ಟದ್ದು ಇನ್ನೂ ಸರಳ. ಬಾಯಿಯ ಮೂಲೆಯಲ್ಲಿ ಒಂದು ಹುಣ್ಣು, ಸುಮಾರು ಒಂದು ತಿಂಗಳಿನದು. ಆಸ್ಪತ್ರೆಗೆ ಸೇರಿದ್ದು 1940ರ ಅಕ್ಟೋಬರ್ 12ರಂದು.

ಕೀವಿನಲ್ಲಿ ಸಿಕ್ಕಿದ್ದು ಸ್ಟೆಫೈಲೋಕಾಕಸ್ ಆರಿಯಸ್. ಅದರ ಜೊತೆ ಆಮೇಲೆ ಸೇರಿಕೊಂಡದ್ದು ಸ್ಟ್ರೆಪ್ಟೋಕಾಕಸ್ ಪಯೋಜಿನಸ್. ಎರಡೂ ನಮ್ಮ ನಿಮ್ಮ ಚರ್ಮ, ಮೂಗು, ಗಂಟಲಿನಲ್ಲಿ ಸುಮ್ಮನೆ ಕೂತಿರಬಲ್ಲ ಬ್ಯಾಕ್ಟೀರಿಯಾಗಳು. ಚರ್ಮ ಒಡೆದರೆ ಒಳಗೆ ಬರುತ್ತವೆ. ಸಾಮಾನ್ಯವಾಗಿ ಒಂದು ಕುರು ಎದ್ದು, ಒಡೆದು, ಮಾಯುತ್ತದೆ. ಇವರಿಗೆ ಹಾಗಾಗಲಿಲ್ಲ. ಮುಖದಿಂದ ನೆತ್ತಿಗೆ, ಅಲ್ಲಿಂದ ಕಣ್ಣಿನ ಗುಳಿಗಳಿಗೆ ಹಬ್ಬಿತು. ಜನವರಿಯಲ್ಲಿ ತೋಳಿನಲ್ಲಿ ಬಾವು ಕಾಣಿಸಿತು. ಕುಯ್ದು ನೋಡಿದರೆ ಒಳಗೆ ಮೂಳೆಗೇ ಸೋಂಕು ತಗುಲಿತ್ತು. ಫೆಬ್ರವರಿ ಹೊತ್ತಿಗೆ ಶ್ವಾಸಕೋಶಕ್ಕೂ ಬಂದಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬಾಯಿಯ ಮೂಲೆಯ ಹುಣ್ಣು ಮುಖಕ್ಕೆ ಹಬ್ಬಿತು ಅಂದರೆ ಅರ್ಥವಾಗುತ್ತದೆ, ಪಕ್ಕಪಕ್ಕದ ಜಾಗ. ತೋಳಿನ ಮೂಳೆಗೆ ಹೇಗೆ ಹೋಯಿತು? ರಕ್ತದಲ್ಲಿ ಹೋಯಿತು. ಬೇರೆ ದಾರಿ ಇಲ್ಲ. ರಕ್ತದ ಸೋಂಕು ಅಂದ ಕೂಡಲೇ ಜನ ರಕ್ತವೇ ಕೆಟ್ಟಿದೆ, ರಕ್ತ ಶುದ್ಧಿ ಮಾಡಿದರೆ ಆಯ್ತು ಅಂದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾಕ್ಕೆ ರಕ್ತ ಬರೀ ದಾರಿ. ಅದರ ಮನೆ ಬೇರೆ ಕಡೆ ಇರುತ್ತದೆ. ಸ್ಟೆಫೈಲೋಕಾಕಸ್ ಆರಿಯಸ್ ಈ ವಿಷಯದಲ್ಲಿ ಮಹಾ ಕೆಟ್ಟದ್ದು. ಹೋದಲ್ಲೆಲ್ಲ ಮನೆ ಕಟ್ಟುತ್ತದೆ. ಮೂಳೆ, ಬೆನ್ನುಹುರಿಯ ಪಕ್ಕ, ಹೃದಯದ ಕವಾಟ, ಶ್ವಾಸಕೋಶ. ರೋಗಿಯ ರಕ್ತದಲ್ಲಿ ಇದು ಸಿಕ್ಕಿತು ಅಂತ ಲ್ಯಾಬಿನಿಂದ ಫೋನ್ ಹೋದರೆ ತಿಳಿದ ವೈದ್ಯರು ಕೇಳಿಕೊಳ್ಳುವ ಮೊದಲ ಪ್ರಶ್ನೆಗಳಲ್ಲಿ ಒಂದು ಇದೇ: ಎಲ್ಲಿಂದ ಬಂತು, ಎಲ್ಲಿ ಕೂತಿದೆ?

ಅಲೆಕ್ಸಾಂಡರ್ ಅವರಿಗೆ ಮೊದಲು ಯಾವ ಔಷಧಿಯನ್ನೂ ಕೊಡಲಿಲ್ಲ ಅಂತಲ್ಲ. ಡಿಸೆಂಬರ್ 12ರಿಂದ 19ರವರೆಗೆ ಸಲ್ಫಾ ಗುಂಪಿನ ಸಲ್ಫಾಪಿರಿಡಿನ್ ಎಂಬ ಔಷಧಿ ಕೊಟ್ಟರು, ಒಟ್ಟು 19 ಗ್ರಾಂ. ಆಗಿನ ಕಾಲಕ್ಕೆ ಅದೇ ದೊಡ್ಡ ಔಷಧಿ. ಏನೂ ಗುಣ ಕಾಣಲಿಲ್ಲ, ಮೈಮೇಲೆ ದದ್ದು ಬೇರೆ ಎದ್ದಿತು. ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಒಳ್ಳೆಯ ವಿವರಣೆ ಇದೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಫೋಲೇಟ್ ಎಂಬ ಸತ್ವವನ್ನು ತಯಾರಿಸಿಕೊಳ್ಳದ ಹಾಗೆ ಸಲ್ಫಾ ತಡೆಯುತ್ತದೆ. ಕೀವು ಅಂದರೆ ಸತ್ತ ಜೀವಕೋಶಗಳ ರಾಶಿ. ಸಲ್ಫಾ ತಡೆದದ್ದನ್ನೆಲ್ಲ ಆ ರಾಶಿಯೇ ಬ್ಯಾಕ್ಟೀರಿಯಾಕ್ಕೆ ಒದಗಿಸಿಕೊಡುತ್ತದೆ. ಮುಂದಿನ ಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಕೀವು ತುಂಬಿದ ಜಾಗದಲ್ಲಿ ಸಲ್ಫಾ ಸೋಲುವುದು ಇದರಿಂದಲೇ.

ಹೀಗೆ ಅಕ್ಟೋಬರ್ 12ರಿಂದ ಫೆಬ್ರವರಿ 12. ಸರಿಯಾಗಿ ನಾಲ್ಕು ತಿಂಗಳು ಆಸ್ಪತ್ರೆಯಲ್ಲೇ ಕಳೆದಿದ್ದವು. ಅಷ್ಟೂ ದಿನ ಬ್ಯಾಕ್ಟೀರಿಯಾಕ್ಕೆ ಎದುರಾಗಿ ನಿಲ್ಲುವ ಔಷಧಿ ಒಂದೂ ಅವರ ಮೈಗೆ ಸೇರಿರಲಿಲ್ಲ.

ಸೈಕಲ್ ಮೇಲೆ ಮೂತ್ರ

ಪೆನ್ಸಿಲಿನ್ ಆಗ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಆಕ್ಸ್‌ಫರ್ಡ್‌ನ ಸರ್ ವಿಲಿಯಂ ಡನ್ ಸ್ಕೂಲ್ ಆಫ್ ಪೆಥಾಲಜಿಯಲ್ಲಿ ಹಾವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಜೊತೆಗಾರರು ಬೂಷ್ಟನ್ನು ಬೆಳೆಸಿ, ಅದು ಸ್ರವಿಸಿದ ದ್ರವದಿಂದ ಹನಿಹನಿಯಾಗಿ ಇದನ್ನು ತೆಗೆಯುತ್ತಿದ್ದರು. ಯುದ್ಧದ ಕಾಲ, ಸಾಮಾನು ಸಿಗುತ್ತಿರಲಿಲ್ಲ. ಬೂಷ್ಟು ಬೆಳೆಸಲು ಬೆಡ್‌ಪ್ಯಾನ್ ಬಳಸಿದರು. ಆಮೇಲೆ ಹೀಟ್ಲಿ ಅದೇ ಆಕಾರಕ್ಕೆ ಹತ್ತಿರದ ಪಿಂಗಾಣಿ ಪಾತ್ರೆಗಳನ್ನು ಮಾಡಿಸಿದರು. 1940ರ ಮೇ 25ರಂದು ಎಂಟು ಇಲಿಗಳಿಗೆ ಸ್ಟ್ರೆಪ್ಟೋಕಾಕಸ್ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನ್ಸಿಲಿನ್ ಕೊಟ್ಟು ನೋಡಿದ್ದರು. ಬೆಳಗಾಗುವಷ್ಟರಲ್ಲಿ ಔಷಧಿ ಸಿಗದ ನಾಲ್ಕೂ ಸತ್ತಿದ್ದವು. ಇಲಿಗಿಂತ ಮನುಷ್ಯ ಎಷ್ಟು ದೊಡ್ಡವನು ಅನ್ನುವ ಲೆಕ್ಕ ಅಲ್ಲಿಂದ ಶುರುವಾಯಿತು.

ಅಲೆಕ್ಸಾಂಡರ್ ಅವರಿಗೆ ಮೊದಲು 200 ಮಿಲಿಗ್ರಾಂ, ಆಮೇಲೆ ಮೂರು ಗಂಟೆಗೊಮ್ಮೆ 100 ಮಿಲಿಗ್ರಾಂ. ಒಂದೇ ದಿನದಲ್ಲಿ ಬದಲಾವಣೆ ಕಣ್ಣಿಗೆ ಕಾಣುವಷ್ಟಿತ್ತು. ಜ್ವರ ಇಳಿಯಿತು. ಕೀವು ಕಡಿಮೆಯಾಯಿತು. ಊಟ ಸೇರತೊಡಗಿತು. ಉಳಿದಿದ್ದ ಬಲಗಣ್ಣು ಹೆಚ್ಚುಕಡಿಮೆ ಸರಿಯಾಯಿತು.

ಪೆನ್ಸಿಲಿನ್ ಮೈಯಲ್ಲಿ ನಿಲ್ಲುವುದಿಲ್ಲ. ಮೂತ್ರಪಿಂಡ ಅದನ್ನು ಬೇಗ ಹೊರಗೆ ಹಾಕಿಬಿಡುತ್ತದೆ. ಅರ್ಧ ಗಂಟೆಯಲ್ಲಿ ರಕ್ತದಲ್ಲಿ ಇದ್ದದ್ದು ಅರ್ಧಕ್ಕೆ ಬರುತ್ತದೆ. ಕೊಟ್ಟ ಔಷಧಿಯ ದೊಡ್ಡ ಪಾಲು ಮೂತ್ರದಲ್ಲಿ ಹೋಗುತ್ತಿತ್ತು. ಹಾಗಾಗಿ ರೋಗಿಯ ಮೂತ್ರವನ್ನು ಬಾಟಲಿಗಳಲ್ಲಿ ಹಿಡಿದು, ಸೈಕಲ್ ಮೇಲೆ ಇಟ್ಟುಕೊಂಡು ಡನ್ ಸ್ಕೂಲಿಗೆ ಒಯ್ಯುತ್ತಿದ್ದರು. ಅಲ್ಲಿ ಅದರಿಂದ ಪೆನ್ಸಿಲಿನ್ ಮತ್ತೆ ತೆಗೆದು ಅವರಿಗೇ ಕೊಡುತ್ತಿದ್ದರು. ಫ್ಲೋರಿಯವರ ಹೆಂಡತಿ, ವೈದ್ಯೆ ಎಥೆಲ್ ಫ್ಲೋರಿ ಕೂಡ ಹೀಗೆ ಸೈಕಲ್ ತುಳಿದವರಲ್ಲಿ ಒಬ್ಬರು. ಯುದ್ಧದ ನಡುವೆ, ಫೆಬ್ರವರಿಯ ಚಳಿಯಲ್ಲಿ, ಒಬ್ಬ ಪೇದೆಯ ಮೂತ್ರದ ಬಾಟಲಿ ಒಡೆಯದ ಹಾಗೆ ಸೈಕಲ್ ಹೊಡೆಯುವುದು. ನನಗೆ ಈ ಚಿತ್ರ ಮನಸ್ಸಿನಿಂದ ಹೋಗುವುದೇ ಇಲ್ಲ.

ಐದು ದಿನಕ್ಕೆ ಕೊಟ್ಟದ್ದು ಒಟ್ಟು 4.4 ಗ್ರಾಂ. ಈ ಅಂಕಿ ನೋಡಿ ಮೋಸ ಹೋಗಬೇಡಿ. ಆಗಿನ ಪುಡಿಯಲ್ಲಿ ನಿಜವಾದ ಪೆನ್ಸಿಲಿನ್ ತೀರಾ ಕಡಿಮೆ, ಮಿಕ್ಕದ್ದೆಲ್ಲ ಕಲ್ಮಶ. ಇವತ್ತು ಇಂಥ ಸೋಂಕಿಗೆ ಒಂದು ಸಲ ಕೊಡುವ ಡೋಸಿನಲ್ಲಿ ಇರುವಷ್ಟು ಪೆನ್ಸಿಲಿನ್ ಕೂಡ ಆ ಐದು ದಿನದ ಒಟ್ಟು ಔಷಧಿಯಲ್ಲಿ ಇರಲಿಲ್ಲ. ಅಷ್ಟರಲ್ಲೇ ಅವರು ಎದ್ದು ಕೂರುವ ಹಾಗಾದರು ಅಂದರೆ, ಬ್ಯಾಕ್ಟೀರಿಯಾ ಇನ್ನೂ ಈ ಔಷಧಿಯನ್ನೇ ಕಂಡಿರದ ಕಾಲ ಅದು.

ಫೆಬ್ರವರಿ 17ರ ಹೊತ್ತಿಗೆ ಔಷಧಿ ಮುಗಿಯಿತು. ಸುಮಾರು ಹತ್ತು ದಿನ ಅವರು ಹಾಗೇ ಇದ್ದರು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಆಮೇಲೆ ಶ್ವಾಸಕೋಶದ ಸೋಂಕು ತಿರುಗಿ ಜೋರಾಯಿತು. 1941ರ ಮಾರ್ಚ್ 15ರಂದು ತೀರಿಕೊಂಡರು.

ಕೇಸ್ ಶೀಟನ್ನು ಇವತ್ತಿನ ಕಣ್ಣಲ್ಲಿ ಓದಿದರೆ

ಮೊದಲು ಆ ಕಾಲದ ಲೆಕ್ಕ ಗೊತ್ತಿರಲಿ. ಅದೇ 1941ರಲ್ಲಿ ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯಿಂದ ಒಂದು ವರದಿ ಬಂತು. ಸ್ಕಿನ್ನರ್ ಮತ್ತು ಕೀಫರ್ ಎಂಬ ವೈದ್ಯರು ಸ್ಟೆಫೈಲೋಕಾಕಸ್ ಆರಿಯಸ್ ರಕ್ತಕ್ಕೆ ಸೇರಿದ್ದ 122 ರೋಗಿಗಳ ಲೆಕ್ಕ ತೆಗೆದಿದ್ದರು. ಸತ್ತವರು 82%. ಇವತ್ತು ಒಳ್ಳೆಯ ಔಷಧಿ, ಐಸಿಯು ಎಲ್ಲ ಇದ್ದೂ ಈ ಸೋಂಕಿನಲ್ಲಿ ನಾಲ್ಕೈದು ಜನರಲ್ಲಿ ಒಬ್ಬರು ಸಾಯುತ್ತಾರೆ. 2019ರಲ್ಲಿ ಪ್ರಪಂಚದಾದ್ಯಂತ ಬ್ಯಾಕ್ಟೀರಿಯಾ ಸೋಂಕುಗಳಿಂದ ಸತ್ತವರಲ್ಲಿ 10 ಲಕ್ಷಕ್ಕೂ ಜಾಸ್ತಿ ಸಾವು ಈ ಒಂದೇ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬಂತು. ಔಷಧಿ ಇದ್ದೂ ಸಾಯುವುದು ಯಾಕೆ ಅನ್ನುವುದೇ ಇಲ್ಲಿ ಕೇಳಬೇಕಾದ ಪ್ರಶ್ನೆ, ಅಲ್ವಾ?

ವಯಸ್ಸು ದೊಡ್ಡ ಕಾರಣ. ಅರವತ್ತು, ಎಪ್ಪತ್ತು ದಾಟಿದವರಲ್ಲಿ ಸಾವು ಜಾಸ್ತಿ. ಮೊದಲೇ ಮೂತ್ರಪಿಂಡ, ಲಿವರ್ ಕೆಟ್ಟಿದ್ದರೆ, ಕ್ಯಾನ್ಸರ್ ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅಪಾಯ ಏರುತ್ತದೆ. ಅಲೆಕ್ಸಾಂಡರ್ ಅವರಿಗೆ 43, ಓಡಾಡಿ ಕೆಲಸ ಮಾಡುವ ಪೇದೆ. ವಯಸ್ಸು ಅವರ ಪಾಲಿಗೆ ಶತ್ರು ಆಗಿರಲಿಲ್ಲ.

ಅವರಿಗೆ ಮುಳುವಾದದ್ದರಲ್ಲಿ ಮೊದಲನೆಯದು ಕೀವಿನ ಮನೆಗಳು. ಸೋಂಕಿನ ಮೂಲ ಎಲ್ಲಿದೆ ಅನ್ನುವುದರ ಮೇಲೆ ರಕ್ತದ ಸೋಂಕಿನ ಸಾವು ತುಂಬಾ ನಿಂತಿದೆ. ಮೂತ್ರದ ಸೋಂಕಿನಿಂದ ರಕ್ತಕ್ಕೆ ಹೋಗಿದ್ದರೆ, ಅಥವಾ ಕೈಗೆ ಹಾಕಿದ ಸೂಜಿಯಿಂದ ಬಂದು ಆ ಸೂಜಿ ಬೇಗ ತೆಗೆದಿದ್ದರೆ, ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಶ್ವಾಸಕೋಶ, ಹೃದಯದ ಕವಾಟ ಆದರೆ ಕಷ್ಟ. ಮೂಲ ಎಲ್ಲಿ ಅಂತಲೇ ಸಿಗದಿದ್ದರೂ ಕಷ್ಟ. ಅಲೆಕ್ಸಾಂಡರ್ ಅವರಿಗೆ ಒಂದಲ್ಲ, ನಾಲ್ಕೈದು ಕಡೆ ಕೂತಿತ್ತು. ಮುಖದ್ದನ್ನು ಕುಯ್ದರು, ತೋಳಿನದನ್ನು ಕುಯ್ದರು, ಕಣ್ಣನ್ನೇ ತೆಗೆದರು. ಶ್ವಾಸಕೋಶದ್ದನ್ನು ಕುಯ್ದು ತೆಗೆಯುವ ಹಾಗಿರಲಿಲ್ಲ. ಕೊನೆಗೆ ಕೊಂದದ್ದೂ ಅದೇ.

ಕೀವಿನ ಗಡ್ಡೆಯ ಒಳಗೆ ರಕ್ತ ಓಡಾಡುವುದಿಲ್ಲ. ರಕ್ತ ಹೋಗದ ಕಡೆ ಔಷಧಿಯೂ ಸರಿಯಾಗಿ ಹೋಗುವುದಿಲ್ಲ. ಸಾಲದ್ದಕ್ಕೆ, ಪೆನ್ಸಿಲಿನ್ ಕೆಲಸ ಮಾಡುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಮೇಲೆ. ಅದು ಹೊಸ ಗೋಡೆ ಕಟ್ಟಿಕೊಳ್ಳುವಾಗ ಅಡ್ಡಿ ಮಾಡಿ ಒಡೆಯುತ್ತದೆ. ಹಳೆಯ ಕೀವಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಮಂಕಾಗಿ ಮಲಗಿರುತ್ತವೆ. ಔಷಧಿ ಬಂದು ಹೋಗುವವರೆಗೆ ತಡೆದುಕೊಂಡು, ಆಮೇಲೆ ಏಳುತ್ತವೆ. ಆ ಹತ್ತು ದಿನ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಅಂದೆನಲ್ಲ, ಆಗ ಒಳಗೆ ನಡೆಯುತ್ತಿದ್ದದ್ದು ಇದು ಅಂತ ನನ್ನ ಅಂದಾಜು.

ಎರಡನೆಯದು ತಡ. ನಾಲ್ಕು ತಿಂಗಳ ತಡ ಅವರ ತಪ್ಪೂ ಅಲ್ಲ, ವೈದ್ಯರ ತಪ್ಪೂ ಅಲ್ಲ. ಔಷಧಿಯೇ ಇರಲಿಲ್ಲ. ಇವತ್ತು ತಡವನ್ನು ಗಂಟೆಯಲ್ಲಿ ಅಳೆಯುತ್ತಾರೆ. ನಂಜೇರಿ ಬಿಪಿ ಬಿದ್ದ ರೋಗಿಗಳ ಮೇಲೆ ಕೆನಡಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಆರು ಗಂಟೆಗಳಲ್ಲಿ ಸರಿಯಾದ ಆಂಟಿಬಯೋಟಿಕ್ ತಡವಾದ ಪ್ರತಿ ಗಂಟೆಗೂ ಉಳಿಯುವ ಪ್ರಮಾಣ ಸರಾಸರಿ 7.6% ಇಳಿದಿತ್ತು. ಇಲ್ಲಿ "ಸರಿಯಾದ" ಅನ್ನುವ ಪದ ಮುಖ್ಯ. ಆ ಬ್ಯಾಕ್ಟೀರಿಯಾಕ್ಕೆ ನಾಟದ ಔಷಧಿಯನ್ನು ಎಷ್ಟು ಬೇಗ ಕೊಟ್ಟರೂ ಲೆಕ್ಕಕ್ಕಿಲ್ಲ. ಡಿಸೆಂಬರಿನ ಆ 19 ಗ್ರಾಂ ಸಲ್ಫಾ ಹಾಗೇ ಆಯಿತು. ಇವತ್ತು ಎಂಆರ್‌ಎಸ್‌ಎ (ಸಾಮಾನ್ಯ ಆಂಟಿಬಯೋಟಿಕ್ ನಾಟದ ಸ್ಟೆಫೈಲೋಕಾಕಸ್ ಆರಿಯಸ್) ಇರುವ ರೋಗಿಗೆ ಸಾಮಾನ್ಯ ಇಂಜೆಕ್ಷನ್ ಹಾಕಿ ಎರಡು ದಿನ ಕಾದರೆ ಆಗುವುದೂ ಅದೇ.

ಸರಿಯಾದದ್ದು ಯಾವುದು ಅಂತ ಹೇಳುವುದು ನಮ್ಮ ಕೆಲಸ. ಬ್ಲಡ್ ಕಲ್ಚರ್ ಬಾಟಲಿ ನೋಡಿದ್ದೀರಾ? ಅಂಗೈ ಅಗಲದ ಬಾಟಲಿ, ಒಳಗೆ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಸಾರು. ದೊಡ್ಡವರಿಗೆ ಒಂದೊಂದಕ್ಕೆ 8ರಿಂದ 10 ಎಂಎಲ್ ರಕ್ತ ಹಾಕಬೇಕು. ಒಂದೇ ಕಡೆಯಿಂದಲ್ಲ, ಎರಡು ಬೇರೆ ಬೇರೆ ಕಡೆಯಿಂದ ತೆಗೆದರೆ ಒಳ್ಳೆಯದು. ಆಂಟಿಬಯೋಟಿಕ್ ಹಾಕುವ ಮುಂಚೆಯೇ ತೆಗೆಯಬೇಕು. "ಇಷ್ಟೊಂದು ರಕ್ತ ಯಾಕಪ್ಪಾ ತೆಗೀತೀರಿ" ಅಂತ ಮನೆಯವರು ಗಾಬರಿಯಾಗುವುದು ಸಹಜ. ರಕ್ತದಲ್ಲಿ ಬ್ಯಾಕ್ಟೀರಿಯಾ ಎಷ್ಟೋ ಸಲ ಎಷ್ಟು ವಿರಳ ಅಂದರೆ, ಒಂದು ಎಂಎಲ್‌ಗೆ ಒಂದೂ ಸಿಗದೆ ಇರಬಹುದು. ಕಡಿಮೆ ರಕ್ತ ಕೊಟ್ಟರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ.

ಬಾಟಲಿಯನ್ನು ಯಂತ್ರದಲ್ಲಿ ಇಡುತ್ತೇವೆ. ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಬಾಟಲಿಯ ತಳದ ಬಿಲ್ಲೆ ನೀಲಿಹಸಿರಿನಿಂದ ಹಳದಿಗೆ ತಿರುಗುತ್ತದೆ, ಯಂತ್ರ ಕೂಗುತ್ತದೆ. ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಳೆ ಬಣ್ಣದ ಸಣ್ಣ ಗುಂಡುಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಅದು ಸ್ಟೆಫೈಲೋಕಾಕಸ್. ಎಷ್ಟು ಬೇಗ ಯಂತ್ರ ಕೂಗಿತು ಅನ್ನುವುದೂ ಒಂದು ಸುಳಿವು. ಬೇಗ ಕೂಗಿದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇತ್ತು ಅಂತ, ಅಂಥ ರೋಗಿಗಳಲ್ಲಿ ಸಾವೂ ಜಾಸ್ತಿ. ರಾತ್ರಿ ಪಾಳಿಯಲ್ಲಿ ಸಂಜೆ ಇಟ್ಟ ಬಾಟಲಿ ಬೆಳಗಿನ ಜಾವವೇ ಕೂಗಿದರೆ ನನ್ನ ಎದೆ ಒಮ್ಮೆ ಝಲ್ ಅನ್ನುತ್ತದೆ. ಫೋನ್ ಎತ್ತುವ ಮೊದಲೇ ಆ ರೋಗಿ ಯಾವ ವಾರ್ಡಿನಲ್ಲಿದ್ದಾರೆ ಅಂತ ನೋಡುತ್ತೇನೆ.

ಐದು ದಿನ ಸಾಕೇ?

ಮೂರನೆಯದು ಚಿಕಿತ್ಸೆಯ ಅವಧಿ. ನನಗೆ ಜಾಸ್ತಿ ಹೇಳಬೇಕು ಅನ್ನಿಸುವುದು ಇದರ ಬಗ್ಗೆ.

ಅಲೆಕ್ಸಾಂಡರ್ ಅವರಿಗೆ ಐದು ದಿನ ಸಿಕ್ಕಿತು. ಇವತ್ತು ಸ್ಟೆಫೈಲೋಕಾಕಸ್ ಆರಿಯಸ್ ರಕ್ತದಲ್ಲಿ ಸಿಕ್ಕರೆ ಕನಿಷ್ಠ 14 ದಿನ ರಕ್ತನಾಳದ ಮೂಲಕ ಔಷಧಿ ಕೊಡುವುದು ರೂಢಿ. ಅದೂ ಬೇರೆಲ್ಲೂ ಮನೆ ಮಾಡಿಲ್ಲ, ಕವಾಟ ಸರಿಯಿದೆ, ಜ್ವರ ಬೇಗ ಬಿಟ್ಟಿದೆ ಅಂತ ಖಾತ್ರಿ ಆದವರಿಗೆ. ಮೂಳೆಗೆ, ಕವಾಟಕ್ಕೆ ಹೋಗಿದ್ದರೆ 4ರಿಂದ 6 ವಾರ, ಕೆಲವರಿಗೆ ಇನ್ನೂ ಜಾಸ್ತಿ. ದಿನ ಎಣಿಸಲು ಶುರು ಮಾಡುವುದು ಮೊದಲ ಇಂಜೆಕ್ಷನ್ ಕೊಟ್ಟ ದಿನದಿಂದಲ್ಲ. ಮತ್ತೆ ಮತ್ತೆ ರಕ್ತ ತೆಗೆದು ನೋಡಿ, ಬ್ಯಾಕ್ಟೀರಿಯಾ ಇಲ್ಲ ಅಂತ ಬಂದ ಮೊದಲ ದಿನದಿಂದ. ಸರಿಯಾದ ಔಷಧಿ ಕೊಟ್ಟು ಎರಡು ಮೂರು ದಿನ ಆದರೂ ರಕ್ತದಲ್ಲಿ ಸಿಗುತ್ತಲೇ ಇದ್ದರೆ ಅದು ಕೆಟ್ಟ ಸೂಚನೆ. ಎಲ್ಲೋ ಒಂದು ಮನೆ ಉಳಿದಿದೆ, ಹುಡುಕಬೇಕು. ಎಕೋ (ಹೃದಯದ ಸ್ಕ್ಯಾನ್) ಮಾಡಬೇಕು, ಬೆನ್ನು ನೋವು ಇದ್ದರೆ ಸ್ಕ್ಯಾನ್ ಮಾಡಬೇಕು.

ಇದನ್ನೆಲ್ಲ ಮಾಡಿಸುವುದು ಕಷ್ಟ ಅಂತ ನನಗೆ ಗೊತ್ತು. ನಮ್ಮ ಕಡೆ ರೋಗಿಯ ಮನೆಯವರ ಬಾಯಲ್ಲಿ ಬರುವ ಮಾತು, "ಜ್ವರ ಬಿಟ್ಟಿದೆಯಲ್ಲ ಡಾಕ್ಟ್ರೇ, ಇನ್ಯಾಕೆ ಸುಮ್ನೆ ಇಂಜೆಕ್ಷನ್?" ಅದರ ಹಿಂದೆ ದಿನಗೂಲಿ ಹೋಗುವ ಚಿಂತೆ ಇದೆ, ಬಿಲ್ಲಿನ ಚಿಂತೆ ಇದೆ, ಮನೆಯಲ್ಲಿ ಬಿಟ್ಟು ಬಂದ ಮಕ್ಕಳ ಚಿಂತೆ ಇದೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಹೇಳಬೇಕಾದದ್ದು ಇಷ್ಟೇ: ಆಕ್ಸ್‌ಫರ್ಡ್‌ನ ಆ ಪೇದೆಗೂ ಜ್ವರ ಬಿಟ್ಟಿತ್ತು. ಊಟ ಸೇರುತ್ತಿತ್ತು. ಕಣ್ಣು ಸರಿಯಾಗಿತ್ತು. ಹತ್ತು ದಿನ ಆಮೇಲೆ ತಿರುಗಿ ಬಂತು. ಅವರಿಗೆ ಮುಂದುವರಿಸಲು ಔಷಧಿಯೇ ಇರಲಿಲ್ಲ. ನಮ್ಮ ರೋಗಿಗೆ ಔಷಧಿ ಪಕ್ಕದ ಮೆಡಿಕಲ್‌ನಲ್ಲೇ ಇದೆ.

ಇನ್ನು ಎರಡು ಬ್ಯಾಕ್ಟೀರಿಯಾ ಒಟ್ಟಿಗೆ ಇದ್ದದ್ದು, ನಾಲ್ಕು ತಿಂಗಳ ಹಾಸಿಗೆವಾಸದಲ್ಲಿ ಮೈ ಬಡಕಲಾಗುವುದು, ಇವೂ ಸಾವಿನ ಕಡೆಗೇ ತೂಗುವ ಅಂಶಗಳು. ಆದರೆ ಮೂರು ಮುಖ್ಯ ವಿಷಯಗಳ ಮುಂದೆ ಇವು ಸಣ್ಣವು.

ಹೆಚ್ಚು ಔಷಧಿ ಇದ್ದಿದ್ದರೆ ಉಳಿಯುತ್ತಿದ್ದರೇ? ಇನ್ನೊಂದು ಐದು ದಿನ ಸಿಕ್ಕಿದ್ದರೆ ಸಾಕಾಗುತ್ತಿತ್ತು ಅನ್ನುವವರ ಮಾತನ್ನು ನಾನು ಒಪ್ಪಲಾರೆ. ಶ್ವಾಸಕೋಶ ಮತ್ತು ಮೂಳೆ ಎರಡರಲ್ಲೂ ಕೂತ ಸೋಂಕು ಹತ್ತು ದಿನಕ್ಕೆ ಹೋಗುವಂಥದ್ದಲ್ಲ. ಅಕ್ಟೋಬರಿನಲ್ಲಿ, ಹುಣ್ಣು ಮುಖದಲ್ಲಿ ಮಾತ್ರ ಇದ್ದಾಗ, ಅದೇ 4.4 ಗ್ರಾಂ ಸಿಕ್ಕಿದ್ದರೆ? ಆಗ ಉಳಿಯುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಹೀಗೆ ಅನ್ನಿಸಲು ಇನ್ನೊಂದು ಪ್ರಕರಣ ಕಾರಣ. ಹೆಚ್ಚುಕಡಿಮೆ ಒಂದು ವರ್ಷದ ನಂತರ, 1942ರ ಮಾರ್ಚ್ 14ರಂದು, ಅಮೆರಿಕದ ನ್ಯೂ ಹೇವನ್‌ನಲ್ಲಿ ಆನ್ ಮಿಲ್ಲರ್ ಎಂಬ 33 ವರ್ಷದ ಹೆಣ್ಣುಮಗಳಿಗೆ ಪೆನ್ಸಿಲಿನ್ ಕೊಟ್ಟರು. ಗರ್ಭಪಾತವಾಗಿ, ಸ್ಟ್ರೆಪ್ಟೋಕಾಕಸ್ ರಕ್ತಕ್ಕೆ ಸೇರಿ, ಸುಮಾರು ಒಂದು ತಿಂಗಳಿಂದ ಜ್ವರ. 106 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಸಲ್ಫಾ, ರಕ್ತ ಕೊಡುವುದು, ಶಸ್ತ್ರಚಿಕಿತ್ಸೆ ಎಲ್ಲ ಆಗಿತ್ತು. ಆಕೆಗೆ ಸಿಕ್ಕಿದ್ದು 5.5 ಗ್ರಾಂ. ಪೇದೆಗೆ ಸಿಕ್ಕಿದ್ದಕ್ಕಿಂತ ಬಹಳ ಜಾಸ್ತಿಯೇನಲ್ಲ. ಆದರೆ ಆಕೆಯ ರಕ್ತದಲ್ಲಿದ್ದದ್ದು ಸ್ಟ್ರೆಪ್ಟೋಕಾಕಸ್, ಪೆನ್ಸಿಲಿನ್‌ಗೆ ಬಲು ಬೇಗ ಸಾಯುವ ಬ್ಯಾಕ್ಟೀರಿಯಾ. ಪೇದೆಯ ಹಾಗೆ ಮೂಳೆಯಿಂದ ಶ್ವಾಸಕೋಶದವರೆಗೆ ಕೀವಿನ ಮನೆಗಳು ಎದ್ದಿರಲಿಲ್ಲ. ಮರುದಿನ ಬೆಳಿಗ್ಗೆಗೆ ಜ್ವರ ಇಳಿದಿತ್ತು. ಆಕೆಯ ಮೂತ್ರವನ್ನೂ ಹಿಡಿದಿಟ್ಟು ಪೆನ್ಸಿಲಿನ್ ತಿರುಗಿ ತೆಗೆದರು.

ಆನ್ ಮಿಲ್ಲರ್ ತೀರಿಕೊಂಡದ್ದು 1999ರಲ್ಲಿ, 90ನೆಯ ವಯಸ್ಸಿನಲ್ಲಿ.